ಮೂರನೆಯ ದಿನದ ಬಂಗುಡೆ

ಬೈಂದೂರಿನ ಗ್ರಂಥಾಲಯದಲ್ಲಿ ಹತ್ತು ದಿನ ಚಿತ್ರಪ್ರದರ್ಶನ ಮಾಡುತ್ತೇವೆಂದು ಊರಿನಲ್ಲಿ ಚಿತ್ರ ಬರೆಯುವ ನಾವು ಕೆಲವರು ಅರ್ಜಿ ಕೊಟ್ಟಾಗ ಗ್ರಂಥಪಾಲಕರು ಹಾಕಿದ್ದು ಒಂದೇ ಷರತ್ತು: ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಗೋಡೆ ಸರ್ಕಾರದ್ದು, ತೂತು ಯಾರದ್ದೆಂದು ಮೇಲಿನವರು ಕೇಳಿದರೆ ಉತ್ತರ ಹೇಳಬೇಕಾದವರು ಅವರು. ಹಾಗಾಗಿ ಪುಸ್ತಕದ ಕಪಾಟುಗಳ ನೆತ್ತಿಯಿಂದ ನೈಲಾನ್ ಹಗ್ಗ ಇಳಿಬಿಟ್ಟು ಚಿತ್ರಗಳನ್ನು ತೂಗುಹಾಕಿದೆವು. ಫ್ಯಾನ್ ಹಾಕಿದರೆ ಸಾಕು, ಜಲವರ್ಣ ಹೋಗಿ ತೈಲವರ್ಣಕ್ಕೆ ಢಿಕ್ಕಿ ಹೊಡೆಯುತ್ತಿತ್ತು. ಕುಂದಾಪುರ ಕಡೆಯ ಕಲಾ ವಿದ್ಯಾರ್ಥಿಗಳು ಮರವಂತೆಯಿಂದ ಹಳೆಯ ಬಲೆಯೊಂದನ್ನು ತಂದು ಮೂಲೆಯಲ್ಲಿ ಇಳಿಬಿಟ್ಟು, ಇದು ಕಡಲ್ಕೊರೆತದ ಕುರಿತಾದ ಕೃತಿ ಎಂದರು. ದಿನಾ ಪೇಪರ್ ಓದಲು ಬರುವ ಹಿರಿಯರೊಬ್ಬರು ಮೊದಲ ದಿನವೇ ತಮ್ಮ ಒದ್ದೆ ಕೊಡೆಯನ್ನು ಅದಕ್ಕೆ ಸಿಕ್ಕಿಸಿ ಕುಳಿತರು; ಆಮೇಲೆ ದಿನವೂ ಅದೇ ಕೊಡೆಯ ಜಾಗವಾಯಿತು.

ಇವರು ಮುಂಬೈಯಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿ ಊರು ಸೇರಿದವರು. ಪ್ರದರ್ಶನದ ಸಲುವಾಗಿ ತಮ್ಮ ಕುರ್ಚಿಯನ್ನು ಒಂದಿಂಚೂ ಸರಿಸಲಿಲ್ಲ. ಅವರ ತಲೆಯ ಮೇಲೆಯೇ ತೂಗುತ್ತಿದ್ದುದು ನನ್ನ ಚಿತ್ರ.

ನಾನು ಹೈಸ್ಕೂಲಿನ ಡ್ರಾಯಿಂಗ್ ಟೀಚರ್. ಇಪ್ಪತ್ತೆರಡು ವರ್ಷ ಮಕ್ಕಳಿಂದ ಹೂಜಿ, ಮಾವಿನಹಣ್ಣು ಮತ್ತು ಬಾವುಟ ಬರೆಸಿ ಬರೆಸಿ ನನಗೇ ವಾಕರಿಕೆ ಬಂದಿತ್ತು. ಒಮ್ಮೆಯಾದರೂ ನಾಲ್ಕು ಜನ ನಿಂತು ನೋಡುವಂಥದ್ದನ್ನು ಬರೆಯಬೇಕೆಂಬ ಹಟ ಹುಟ್ಟಿತು. ಯಡ್ತರೆ ಜಂಕ್ಷನ್ನಿನಲ್ಲಿ ಮೀನು ಮಾರುವ ಅಕ್ಕನನ್ನು ದಸರಾ ರಜೆಯಲ್ಲಿ ಎರಡು ದಿನ ನಮ್ಮ ಜಗಲಿಗೆ ಬಂದು ಕೂರಲು ಒಪ್ಪಿಸಿದೆ. ಅವರು ನೀಲಿ ಪ್ಲಾಸ್ಟಿಕ್ ಟಬ್ಬು ಹಿಡಿದು ಬಂದರು. ನಾನು ಬಿದಿರಿನ ಬುಟ್ಟಿ ಬೇಕೆಂದೆ.

"ಈಗ ಯಾರ್ ಟೀಚರೆ ಬುಟ್ಟಿ ಹೊತ್ಕಂಬುದ್? ನಂದ್ ಟಬ್ಬ್ ಹೊಸ್ತ್ ಇತ್ತಲೆ, ಅದ್ ಆತಿಲ್ಯಾ?"

ಟಬ್ಬು ಕಲೆಯಾಗುವುದಿಲ್ಲ ಎಂದು ನಾನು ದೊಡ್ಡದಾಗಿ ವಿವರಿಸಿದೆ. ಅವರು ಮನೆಗೆ ಹೋಗಿ ಅಟ್ಟದಿಂದ ತಮ್ಮ ಅತ್ತೆಯ ಕಾಲದ ಬುಟ್ಟಿ ಇಳಿಸಿ ತಂದುಕೊಟ್ಟರು. ಅವರಿಂದಲೇ ಆರು ಬಂಗುಡೆ ಮೀನು ಕೊಂಡು ಅದರಲ್ಲಿ ಜೋಡಿಸಿದೆ. ಮೊದಲ ದಿನ ಸೀರೆ ಬರೆದೆ, ಎರಡನೆಯ ದಿನ ಮುಖ. ಮೀನನ್ನು ನಿಧಾನಕ್ಕೆ, ಒಬ್ಬಳೇ ಕುಳಿತು ಬರೆಯೋಣವೆಂದು ಮೂರನೆಯ ದಿನಕ್ಕೆ ಇಟ್ಟುಕೊಂಡೆ.

ನಮ್ಮದು ಮೀನು ತಿನ್ನದ ಮನೆ. ಫ್ರಿಜ್ಜಿನ ವಿಷಯ ಎತ್ತಿದ್ದಕ್ಕೇ ನನ್ನವರು ಊಟ ಬಿಟ್ಟು ಏಳುವವರಿದ್ದರು. ಹಾಗಾಗಿ ಬಂಗುಡೆಗಳು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಬೋರಲು ಹಾಕಿದ ಬಕೆಟ್ಟಿನಡಿ ಮಲಗಿದವು. ಬಕೆಟ್ಟಿನ ಮೇಲೊಂದು ಕಲ್ಲು ಹೇರಿದೆ. ಮೊದಲ ದಿನ ಪಕ್ಕದ ಮನೆಯ ಬೆಕ್ಕು ಇಡೀ ಸಂಜೆ ಅದರ ಸುತ್ತ ಪ್ರದಕ್ಷಿಣೆ ಹಾಕಿತು. ಮೂರನೆಯ ದಿನ ದೂರದಿಂದಲೇ ಮೂಸಿ ಹೊರಟುಹೋಯಿತು. ಅದನ್ನು ನಾನು ಕಲ್ಲಿನ ಮಹಿಮೆ ಎಂದುಕೊಂಡೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಂಡದ್ದನ್ನು ಕಂಡ ಹಾಗೆಯೇ ಬರೆಯಬೇಕೆಂದು ಮಕ್ಕಳಿಗೆ ಹೇಳುವ ಪಾಠವನ್ನು ಅಕ್ಷರಶಃ ಪಾಲಿಸಿದೆ. ಕಣ್ಣಿನ ಬೂದುಬಣ್ಣವೊಂದಕ್ಕೇ ಏಳು ಛಾಯೆ ಕಲಸಿದ್ದೆ.

ಉದ್ಘಾಟನೆಗೆ ಬ್ರಹ್ಮಾವರದಿಂದ ಹಿರಿಯ ಕಲಾವಿದರೊಬ್ಬರು ಬಂದಿದ್ದರು. ಎಲ್ಲ ಚಿತ್ರಗಳ ಮುಂದೆ ಅರ್ಧ ನಿಮಿಷ ನಿಂತವರು ನನ್ನ ಮೀನಿನ ಮುಂದೆ ಐದು ನಿಮಿಷ ನಿಂತರು. "ಈ ಕಣ್ಣುಗಳಲ್ಲಿ ಏನು ವಿಷಾದ!" ಎಂದರು. ಕೊನೆಯ ದಿನ ಬಂದು ಮಂಗಳೂರಿನ ಪ್ರದರ್ಶನಕ್ಕೆ ಒಂದು ಕೃತಿ ಆರಿಸುವುದಾಗಿಯೂ, ತಮ್ಮ ಮನಸ್ಸು ಎಲ್ಲಿದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕಿಲ್ಲವೆಂದೂ ಹೇಳಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವರ ಮನೆಯಲ್ಲೂ ಮೀನು ತಿನ್ನುವುದಿಲ್ಲವೆಂದು ಆಮೇಲೆ ತಿಳಿಯಿತು.

ಹೋಟೆಲಿನ ಹಿರಿಯರು ಮಾತ್ರ ತಿನ್ನುವವರು. ಪ್ರದರ್ಶನದ ನಾಲ್ಕನೆಯ ದಿನ ಪೇಪರ್ ಮಡಚಿ ತಲೆಯೆತ್ತಿ ನೋಡಿದ್ದೇ, ನೇರ ಜಂಕ್ಷನ್ನಿಗೆ ಹೋಗಿ ಹತ್ತು ಜನರೆದುರು ಅಕ್ಕನಿಗೆ ಹೇಳಿದರಂತೆ: "ಹ್ವಾಯ್, ನಿನ್ನ ಬಂಗ್ಡಿ ಲೈಬ್ರರಿಯಂಗೆ ತೂಗ್‌ಹಾಕಿರ್ ಮಾರಾಯ್ತಿ. ಮೂರ್ ದಿನದ್ದ್!"

ಮರುದಿನ ಅಕ್ಕ ಬಂದರು. ಹೊರಗಿನ ನಲ್ಲಿಯಲ್ಲಿ ಕೈಕಾಲು ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಒಳಬಂದು ಚಿತ್ರದ ಮುಂದೆ ನಿಂತರು.

"ಚಂದ ಬಂದಿತ್ ಅಲ್ದಾ ಅಕ್ಕ?" ಎಂದೆ ಪೆದ್ದಿಯ ಹಾಗೆ.

"ಕಣ್ಣ್ ಗುಳಿ ಬಿದ್ದಿತ್ತ್. ಮೋಡ ಕಟ್ಟಿತ್ತ್. ಹೊಟ್ಟಿ ಒಡೂಕೆ ಬಂದಿತ್ತ್. ಇಷ್ಟ್ ವರ್ಷದಂಗೆ ಇಂಥಾ ಮೀನ್ ನಾ ಒಂದ್ ದಿನ ಮಾರ್ಲಿಲ್ಲ."

"ಇದ್ ಚಿತ್ರ ಅಲ್ದಾ? ಯಾರ್ ತಿಂತ್ರ್?"

"ತಿಂಬುದಿಲ್ಲ, ಕಾಂತ್ರಲೆ. ಇವತ್ ಬೆಳಿಗ್ಗೆ ಐದ್ ಜನ ನನ್ನ ಮೀನಿನ ಕಿವಿ ಎತ್ತಿ ಕಂಡ್ರ್. ಇಷ್ಟ್ ವರ್ಷ ಯಾರೂ ಎತ್ತದ್ದಿಲ್ಲ."

ಮೀನಿನ ಕಿವಿರು ಎತ್ತಿ ಒಳಗೆ ಕೆಂಪಿದೆಯೇ ಎಂದು ನೋಡುವುದು ಗುರುತಿಲ್ಲದ ಮಾರುವವರ ಹತ್ತಿರ. ನಂಬಿದವರ ಹತ್ತಿರ ಯಾರೂ ಹಾಗೆ ಮಾಡುವುದಿಲ್ಲ. ಇಷ್ಟು ನನಗೂ ಗೊತ್ತಿತ್ತು. ಆದರೂ ಕಲೆ, ವಾಸ್ತವ, ವಿಷಾದ ಎಂದು ಏನೇನೋ ಶುರುಮಾಡಿದೆ. ಅವರು ನಡುವೆಯೇ ಕೇಳಿದರು:

"ಬರೆವೊತ್ತಿಗೆ ವಾಸ್ನಿ ಬರ್ಲಿಲ್ಯಾ?"

"ಬಂತ್. ಮೂಗಿಗ್ ಬಟ್ಟಿ ಕಟ್ಕಂಡ್ ಬರ್ದೆ."

"ಹಾಂಗಾರೆ ನಿಮ್ಗ್ ಗೊತ್ತಿತ್ತ್," ಎಂದರು ಅಕ್ಕ. "ಗೊತ್ತಿದ್ದೇ ನನ್ನ ಬುಟ್ಟಿಯಂಗೆ ಹಾಕಿದ್ರಿ."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. ಅವರು ಬೈಯಲಿಲ್ಲ, ಹೊರಟುಹೋದರು. ನಾಚಿಕೆಯಾಯಿತು. ನಾಚಿಕೆಯಾದರೂ ಮೂರು ದಿನ ಮಂಗಳೂರಿನ ಆಸೆ ಬಿಡಲಿಲ್ಲ, ಸುಳ್ಳೇಕೆ ಹೇಳಲಿ. ನಾಲ್ಕನೆಯ ದಿನ ಮಧ್ಯಾಹ್ನ ಜಂಕ್ಷನ್ನಿನಲ್ಲಿ ಬಸ್ಸಿಳಿದೆ. ಹನ್ನೊಂದಕ್ಕೆಲ್ಲ ಖಾಲಿಯಾಗುವ ಆ ನೀಲಿ ಟಬ್ಬಿನಲ್ಲಿ ಇನ್ನೂ ಅರ್ಧ ಮೀನಿತ್ತು. ಹಳೆಯ ಗಿರಾಕಿಯೊಬ್ಬಳು ಬಗ್ಗಿ ಒಂದೊಂದರದೇ ಕಿವಿ ಎತ್ತುತ್ತಿದ್ದಳು. ಅಕ್ಕ ರಸ್ತೆಯ ಕಡೆ ಮುಖ ತಿರುಗಿಸಿ ಕೂತಿದ್ದರು. ನಾನು ಹತ್ತಿರ ಹೋಗಿ, ನಾಳೆ ಎರಡು ತಾಜಾ ಬಂಗುಡೆ ಹಿಡಿದುಕೊಂಡು ಗ್ರಂಥಾಲಯಕ್ಕೆ ಬನ್ನಿ, ಸರಿಮಾಡುತ್ತೇನೆ ಎಂದೆ.

ಮರುದಿನವೇ ಪ್ರದರ್ಶನದ ಕೊನೆಯ ದಿನ. ಮೀನು ಹಿಡಿದು ಬಂದ ಅಕ್ಕನನ್ನು ಗ್ರಂಥಪಾಲಕರು ಬಾಗಿಲಲ್ಲೇ ತಡೆದರು. ಮೌನವಾಗಿರಬೇಕು, ಉಗುಳಬಾರದು, ಪುಟ ಹರಿಯಬಾರದು ಎಂದೆಲ್ಲ ಬರೆದ ನಿಯಮದ ಬೋರ್ಡನ್ನು ಮೂರು ಸಲ ಓದಿದರು. ಮೀನು ತರಬಾರದೆಂದು ಎಲ್ಲೂ ಇರಲಿಲ್ಲ, ಬರೆದವರಿಗೆ ಹೊಳೆದಿರಲಿಲ್ಲ. ಕೊನೆಗೆ, ಮೇಜಿಗೆ ತಾಗದ ಹಾಗೆ ಪೇಪರ್ ಹಾಸಿ ಇಟ್ಟುಕೊಳ್ಳಿ ಎಂದರು. ನಾವು ಹಾಸಿದ್ದು ಅಂದಿನ ಪೇಪರನ್ನು. ಹೋಟೆಲಿನ ಹಿರಿಯರು ಹೌಹಾರಿ, ಮೀನನ್ನು ತಾವೇ ಎತ್ತಿ ಹಿಡಿದು ತಮ್ಮ ಪುಟ ಬಿಡಿಸಿಕೊಂಡರು.

ಅಕ್ಕ ಒಂದು ಕೈಯಲ್ಲಿ ಬಂಗುಡೆ ಹಿಡಿದು, ಇನ್ನೊಂದರ ಬೆರಳಲ್ಲಿ ಕಿವಿರು ಎತ್ತಿ ನಿಂತರು. "ಕಣ್ಣ್ ಉಬ್ಬಿರ್ಕ್. ಒಳ್ಗಿನ ಕಪ್ಪ್ ಕಪ್ಪೇ ಇರ್ಕ್. ಬೆನ್ನ್ ಹಸ್ರ್ ಹೊಳೀಕ್, ಹಾಂಗಲ್ಲ, ಇನ್ನೂ ಸ್ವಲ್ಪ." ಕಲಾ ವಿದ್ಯಾರ್ಥಿಗಳು ಸುತ್ತ ಮುತ್ತಿ ಫೋನಿನಲ್ಲಿ ಚಿತ್ರೀಕರಿಸತೊಡಗಿದರು. ನನ್ನ ಪಾಠವನ್ನು ಯಾರೂ ಇಷ್ಟು ಶ್ರದ್ಧೆಯಿಂದ ಕೇಳಿದ್ದಿಲ್ಲ. ಪಾಠ ನನ್ನದಾಗಿರಲಿಲ್ಲ ಬಿಡಿ.

ಮೂರು ಮೀನು ಮುಗಿದಿತ್ತು. ಬ್ರಹ್ಮಾವರದ ಹಿರಿಯ ಕಲಾವಿದರು ಒಳಗೆ ಬಂದರು.

"ಅಯ್ಯೋ, ಏನು ಮಾಡ್ತಾ ಇದ್ದೀರಿ! ಮುಟ್ಟಬೇಡಿ, ನಿಲ್ಲಿಸಿ." ಬಗ್ಗಿ ನೋಡಿದರು. "ಮೂರು ಹೋಯಿತು. ಪರವಾಗಿಲ್ಲ, ಮೂರು ಸತ್ತದ್ದು, ಮೂರು ಬದುಕಿದ್ದು. ಅದಕ್ಕೂ ಒಂದು ಅರ್ಥ ಇದೆ. ಇಷ್ಟಕ್ಕೇ ಬಿಟ್ಟರೆ ಮಂಗಳೂರಿಗೆ ಇದನ್ನೇ ಕಳಿಸುತ್ತೇನೆ."

ಕೈ ನಿಂತಿತು. ಅಕ್ಕನ ಕಡೆ ನೋಡಿದೆ. ಕಿವಿರು ಎತ್ತಿ ಹಿಡಿದ ಬೆರಳನ್ನು ಅವರು ಇಳಿಸಲಿಲ್ಲ. ನಾನು ನಾಲ್ಕನೆಯ ಮೀನಿನ ಕಣ್ಣಿಗೆ ಕಪ್ಪು ಇಟ್ಟೆ.

ಕಲಾವಿದರು ನಿಟ್ಟುಸಿರು ಬಿಟ್ಟು ಮೂಲೆಯ ಬಲೆಯತ್ತ ಸರಿದರು. ಅದನ್ನೇ ಆರಿಸಿದರು, ಅದೂ ಕೊಡೆಸಮೇತ. ಮುಳುಗಿದ ಮನೆಯ ಸಂಕೇತವಾದ ಆ ಕೊಡೆ ಇಲ್ಲದಿದ್ದರೆ ಕೃತಿಯೇ ಇಲ್ಲವೆಂದರು. ಹೋಟೆಲಿನ ಹಿರಿಯರು, ಕೊಡೆ ಇಲ್ಲದಿದ್ದರೆ ತಾವು ಮನೆಗೆ ಹೋಗುವುದು ಹೇಗೆಂದು ಕೇಳಿದರು. ವಿದ್ಯಾರ್ಥಿಗಳು ಓಡಿಹೋಗಿ ಅವರಿಗೊಂದು ಹೊಸ ಕೊಡೆ ತಂದುಕೊಟ್ಟ ಮೇಲೆ ವ್ಯವಹಾರ ಮುಗಿಯಿತು. ನನಗೆ ಹೊಟ್ಟೆ ಉರಿಯಿತು.

ಆರನೆಯದೂ ಮುಗಿಯಿತು. ಹೊಸ ಕೊಡೆಯ ಹಿರಿಯರು ಬಂದು ಕನ್ನಡಕ ಮೇಲೆತ್ತಿ, ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ ಒಂದೊಂದನ್ನೇ ಪರೀಕ್ಷಿಸಿದರು. ಗ್ರಂಥಾಲಯ ನಿಯಮದ ಬೋರ್ಡು ಹೇಳಿದಷ್ಟೇ ಮೌನವಾಗಿತ್ತು.

"ಇವತ್ತಿಂದೇ," ಎಂದರು. "ಬೆಳಿಗ್ಗಿನ ದೋಣಿದ್ದ್. ಮನಿಗ್ ಹೋಪತಿಗೆ ಜಂಕ್ಷನ್ನಂಗೆ ಎಲ್ರಿಗೂ ಹೇಳ್ತೆ."

ಅಕ್ಕ ಬಂಗುಡೆಯನ್ನು ಕೆಳಗಿಟ್ಟು, ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತರು. ಐದು ದಿನದ ಉಸಿರನ್ನು ಒಮ್ಮೆಗೇ ಬಿಟ್ಟರು. ಆಮೇಲೆ ಮೊದಲ ಬಾರಿಗೆ ಕಣ್ಣನ್ನು ಚಿತ್ರದ ಬುಟ್ಟಿಯಿಂದ ಮೇಲೆತ್ತಿ ತಮ್ಮ ಮುಖವನ್ನು ನೋಡಿದರು. ತುಂಬ ಹೊತ್ತು ನೋಡಿದರು. ನಾನು ಹೊಗಳಿಕೆಗೆ ಕಾದು ನಿಂತೆ.

"ಅಲ್ದೇ ಟೀಚರೆ," ಎಂದರು, ಕೈ ಮೆಲ್ಲಗೆ ಮೂಗಿನ ಮೇಲೆ ಹೋಯಿತು. "ನನ್ನ ಮೂಗುತಿ ಎಲ್ಲಿ? ಅಮ್ಮ ಹಾಕದ್ದ್ ಇದ್. ಒಂದ್ ದಿನ ತೆಗ್ದವಳಲ್ಲ ನಾ."

ಎರಡು ದಿನ ನನ್ನೆದುರೇ ಕೂತಿದ್ದರು. ಕೊಳೆತ ಕಣ್ಣಿಗೆ ಏಳು ಛಾಯೆ ಕಲಸಿದವಳಿಗೆ ಅದು ಕಂಡಿರಲೇ ಇಲ್ಲ.

"ಸ್ವಲ್ಪ ಬೆಳಕಿಗೆ ತಿರ್ಗಿ ಕೂಕಣಿ ಅಕ್ಕ," ಎಂದು ನಾನು ಸಣ್ಣ ಬ್ರಷ್ ಹುಡುಕಿದೆ.