ಪುಸ್ತಕದ ಮಗುವಿಗೊಂದು ಎಲೆ

ಮಹಾಲಯ ಅಮಾವಾಸ್ಯೆಯ ದಿನ ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ನಡೆದರೆ ಈಗಲೂ ಒಂದು ವಾಸನೆ ಬರುತ್ತದೆ. ಸಾಂಬ್ರಾಣಿ ಹೊಗೆ, ವಡೆ ಕರಿದ ಎಣ್ಣೆ, ಮಟನ್ ಸಾರಿನ ಮಸಾಲೆ, ಅದರ ಜೊತೆಗೆ ಆಗಷ್ಟೇ ತೊಳೆದ ಬಾಳೆ ಎಲೆ. ಇಷ್ಟೂ ಒಟ್ಟಿಗೆ ಮೂಗಿಗೆ ಬಡಿದರೆ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಯಾರದೋ ಮನೆಯ ಕಿಟಕಿಯ ಕೆಳಗೆ ನಿಲ್ಲುತ್ತೇನೆ, ನೋಡಿದವರು ಏನಂದುಕೊಂಡಾರು ಎಂದು ಮುಂದೆ ಹೋಗುತ್ತೇನೆ, ತಿರುವು ದಾಟುವ ಮೊದಲೇ ಮತ್ತೆ ಹಿಂದಕ್ಕೆ ಬರುತ್ತೇನೆ. ಒಲೆಯ ಮೇಲೆ ಹಾಲಿಟ್ಟು ಮರೆತು ಬಂದವರ ಹಾಗೆ ಒಂದು ಚಡಪಡಿಕೆ. ನಿಮಗೂ ಇಂಥ ವಾಸನೆಯೊಂದು ಇದ್ದೀತು. ಅದು ಬರುತ್ತಿದ್ದ ಮನೆ ಈಗ ಇರಲಿಕ್ಕಿಲ್ಲ. ನಮ್ಮದೂ ಇಲ್ಲ.

ಆ ಮನೆಯಲ್ಲಿ ನಾವು ನಾಲ್ಕು ಜನ: ಅಪ್ಪ, ಅಮ್ಮ, ನಾನು ಮತ್ತು ಅಪ್ಪನ ತಾಯಿ, ನಮ್ಮಜ್ಜಿ. ಅಜ್ಜಿ ಕಲಾಸಿಪಾಳ್ಯದಲ್ಲಿ ಸೊಪ್ಪಿನ ವ್ಯಾಪಾರ ಮಾಡಿದವಳು. ಮಂಡಿನೋವು ಬಂದು ಮಾರ್ಕೆಟ್ ಬಿಟ್ಟ ಮೇಲೂ ಅವಳಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಅಡುಗೆಮನೆಯಿಂದ ಗೇಟಿಗೆ, ಗೇಟಿನಿಂದ ಅಡುಗೆಮನೆಗೆ ತಿರುಗುತ್ತಲೇ ಇರುವಳು. ಅವಳನ್ನು ಒಂದು ಕಡೆ ಕೂರಿಸಿದ್ದು ಒಂದು ಕಾದಂಬರಿ. ತೊಂಬತ್ತರ ದಶಕದ ಮಾತು, ನಾನು ಹೈಸ್ಕೂಲಿನಲ್ಲಿದ್ದೆ. ಕನ್ನಡ ಮೇಷ್ಟ್ರು ಓದಲೇಬೇಕು ಎಂದಿದ್ದಕ್ಕೆ ಅಪ್ಪ ಗಾಂಧಿ ಬಜಾರಿನಲ್ಲಿ ಹುಡುಕಿ ಹಳೆಯ ಪ್ರತಿಯೊಂದನ್ನು ತಂದಿದ್ದ. ಹೆಸರು ಬೇಡ, ನಿಮ್ಮ ಮನೆಯ ಕಪಾಟಿನಲ್ಲೂ ಅಂಥದ್ದೊಂದು ಇರುತ್ತದೆ. ಮಗ್ಗ ನಿಂತುಹೋದ ನೇಕಾರನೊಬ್ಬ ಹೆಂಡತಿ ಮಕ್ಕಳನ್ನು ಕರೆದುಕೊಂಡು, ಕೆಲಸ ಹುಡುಕುತ್ತ ಊರಿಂದೂರಿಗೆ ನಡೆಯುವ ಕಥೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಸಂಜೆ ನಾನು ಗಟ್ಟಿಯಾಗಿ ಓದುವುದು, ಅವಳು ಎದುರಿಗೆ ಮೊರ ಇಟ್ಟುಕೊಂಡು ಸೊಪ್ಪು ಬಿಡಿಸುತ್ತ ಕೇಳುವುದು ರೂಢಿಯಾಯಿತು.

ಪುಸ್ತಕ ತೆರೆಯುವ ಮೊದಲು ಅವಳದು ಒಂದೇ ಪ್ರಶ್ನೆ: "ಇವತ್ತಾದ್ರೂ ಉಂಡ್ರಾ ಅವ್ರು?" ಓದದೆ ನನಗೆ ಹೇಗೆ ಗೊತ್ತಾಗಬೇಕು? ಅವಳಿಗೆ ಅದೆಲ್ಲ ಬೇಕಿರಲಿಲ್ಲ, ಉತ್ತರ ಬೇಕಿತ್ತು. ನಡುನಡುವೆ ನೇಕಾರನಿಗೆ ಬೈಗುಳವೂ ಆಗುತ್ತಿತ್ತು. "ಥೂ ಇವ್ನ! ಊರು ಬಿಡೋಕ್ ಮುಂಚೆ ಆ ಗುಡಿಸ್ಲು ಹಿಂದೆ ಎರಡು ಹಿಡಿ ಮೆಂತ್ಯ ಚೆಲ್ಲಿದ್ರೆ ಸೊಪ್ಪು ಬತ್ತಿತ್ತಲ್ಲ, ಗಂಡಸಿಗೆ ಅಷ್ಟೂ ತಿಳೀಬಾರ್ದಾ?" ಬರೆದವರ ಮೇಲೂ ಸಿಟ್ಟು. ಅನ್ನದ ಸುದ್ದಿ ಬರುವ ಹೊತ್ತಿಗೇ ಅಧ್ಯಾಯ ಮುಗಿಸುತ್ತಾನಲ್ಲ, ಅವನಿಗೇನು ಹೊಟ್ಟೆ ತುಂಬಿತ್ತಾ ಎಂದು ಕೇಳುತ್ತಿದ್ದಳು. ಅಮ್ಮ ಒಳಗಿನಿಂದ ನಗುವಳು. ನನಗೂ ನಗು. ಆದರೆ ಓದುತ್ತ ಓದುತ್ತ ನನಗೂ ಸುಮ್ಮನೆ ಕೂರಲಾಗುತ್ತಿರಲಿಲ್ಲ. ಒಂದು ಪುಟಕ್ಕೊಮ್ಮೆ ಕಾಲು ಬದಲಾಯಿಸುತ್ತಿದ್ದೆ.

ಕಥೆಯಲ್ಲಿ ನೇಕಾರನ ಕಿರಿಯ ಮಗಳು ಸಾಯುತ್ತಾಳೆ. ಅವಳಿಗೆ ಹೆಸರಿಲ್ಲ, ಬರೀ 'ಕಿರಿಯದು' ಎಂದಿದೆ. ಛತ್ರವೊಂದರ ಜಗುಲಿಯ ಮೇಲೆ, ಒಳಗೆ ಮದುವೆಯ ಪಂಕ್ತಿ ನಡೆಯುತ್ತಿರುವಾಗ, ಅಮ್ಮನ ಸೆರಗು ಚೀಪುತ್ತ ಪ್ರಾಣ ಬಿಡುತ್ತಾಳೆ. ನಾನು ಅದನ್ನು ಓದಿ ತಲೆಯೆತ್ತಿದಾಗ ಅಜ್ಜಿ ಎದುರಿಗಿರಲಿಲ್ಲ. ಗೇಟಿನ ಹತ್ತಿರ ಹೋಗಿ ನಿಂತಿದ್ದಳು. ಅಲ್ಲಿಂದ ಅಡುಗೆಮನೆಗೆ ಹೋದಳು, ಮತ್ತೆ ಗೇಟಿಗೆ ಬಂದಳು. "ಸಾಕು, ಮುಚ್ಚವ್ವ," ಅಂದಳು. ಆಮೇಲೆ ಆ ಪುಸ್ತಕವನ್ನು ಓದಿಸಲೇ ಇಲ್ಲ. ಆದರೆ ಅವಳ ತಿರುಗಾಟ ಹೆಚ್ಚಾಯಿತು. ರಸ್ತೆಯಲ್ಲಿ ಯಾವ ಮಗು ಅತ್ತರೂ ತಟ್ಟೆ ಹಿಡಿದು ಓಡುವಳು. ತಂಗಳು ಉಳಿಯುವುದಿರಲಿ, ನಮ್ಮ ರಾತ್ರಿಯ ಅನ್ನವೂ ಹೋಗತೊಡಗಿದಾಗ ಅಮ್ಮ ರೇಗಿದಳು. "ಅತ್ತೆ, ಅದು ಕಥೆ ಕಣತ್ತೆ."

"ಕಥೇನೇ ಕಣೆ. ಹಸಿವೂ ಕಥೇನಾ?" ಅಂದಳು ಅಜ್ಜಿ.

ಅಷ್ಟರಲ್ಲಿ ಪಿತೃಪಕ್ಷ ಬಂತು. ನಮ್ಮಲ್ಲಿ ಅಮಾವಾಸ್ಯೆಯ ದಿನ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಎಲೆ, ಅದರ ಮೇಲೆ ಅವರವರಿಗೆ ಇಷ್ಟವಾದದ್ದು. ತಾತನಿಗೆ ಮಟನ್ ಸಾರು, ವಡೆ, ಒಂದು ಕಟ್ಟು ಬೀಡಿ. ತಾತನ ತಾಯಿಗೆ ಕಜ್ಜಾಯ. ಎಲ್ಲ ಬಡಿಸಿ, ಸಾಂಬ್ರಾಣಿ ಹಾಕಿ, ಬಾಗಿಲು ಮುಂದಕ್ಕೆಳೆದು, ಅವರು ಬಂದು ಉಣ್ಣಲಿ ಎಂದು ನಾವೆಲ್ಲ ಹೊರಗೆ ಕಾಯಬೇಕು. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಬಾಯಿಗೆ ತುತ್ತಿಡುವಂತಿಲ್ಲ. ಆ ವರ್ಷ ಬಡಿಸುವ ಹೊತ್ತಿಗೆ ಅಜ್ಜಿ ಒಂದು ಪುಟ್ಟ ಕುಡಿ ಎಲೆಯನ್ನು ತಂದು ಸಾಲಿನ ಕೊನೆಗೆ ಹಾಕಿದಳು. ಯಾರಿಗೆ ಎಂದು ಅಪ್ಪ ಕೇಳಿದ. ಆ ಪುಸ್ತಕದ ಮಗುವಿಗೆ ಅಂದಳು.

ಅಪ್ಪನಿಗೆ ಮೊದಲು ನಗು, ಆಮೇಲೆ ಭಯ, ಕೊನೆಗೆ ಕೋಪ. "ಹೆಸರಿಲ್ಲ, ಕುಲ ಇಲ್ಲ, ಹುಟ್ಟೇ ಇಲ್ಲ. ಯಾರನ್ನೋ ಮನೆಯೊಳಗೆ ಕರ್ದು ಕೂರಿಸ್ತಿದೀಯಲ್ಲಮ್ಮ, ಬೆಳೆಯೋ ಹುಡುಗಿ ಇದ್ದಾಳೆ ಮನೇಲಿ." ಅಜ್ಜಿ ಎಲೆ ತೆಗೆಯಲಿಲ್ಲ. "ನೀನು ತೆಗ್ದ್ರೆ ನಾನೂ ಉಣ್ಣಾಕಿಲ್ಲ," ಅಂದಳು. ಅವಳಿಗೆ ಸಕ್ಕರೆ ಕಾಯಿಲೆ, ಬೆಳಗ್ಗೆಯಿಂದ ಹೊಟ್ಟೆ ಖಾಲಿ. ಅಪ್ಪನ ಮುಖ ಬಿಳಿಚಿಕೊಂಡಿತು. ಬೇಕಾದರೆ ಹೊರಗೆ ಜಗುಲಿಯಲ್ಲಿ ಇಡು ಎಂದ. "ಅದು ಸತ್ತಿದ್ದೇ ಜಗುಲೀಲಿ ಕಣೋ," ಅಂದಳು.

ಹಬ್ಬಕ್ಕೆ ಬಂದಿದ್ದ ಸರೋಜತ್ತೆ, ಅಪ್ಪನ ತಂಗಿ, ಅಜ್ಜಿಯ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದಳು: "ಅಮ್ಮ, ನಮ್ಗಿಂತ ಮುಂಚೆ ಯಾವ್ದಾದ್ರೂ ಮಗು ಹೋಗಿತ್ತಾ ನಿಂಗೆ? ಹೇಳು, ಪರವಾಗಿಲ್ಲ." ನಮಗೆಲ್ಲ ಹಾಗೇ ಅನ್ನಿಸಿತ್ತು. ಹಾಗಿದ್ದರೆ ಅರ್ಥವಾಗುವುದೂ ಸುಲಭವಿತ್ತು. ಅಜ್ಜಿ ಆಶ್ಚರ್ಯದಿಂದ ಅವಳನ್ನೇ ನೋಡಿದಳು. "ನನ್ ಮಕ್ಳು ನೀವಿಬ್ರೇ, ಇಬ್ರೂ ಕಲ್ಲುಗುಂಡಿನಂಗಿದ್ದೀರ. ನಂದೇ ಆಗಿದ್ರೆ ಎಲೆ ಹಾಕಕ್ಕೆ ನಾವಿದ್ವಲ್ಲ. ಇದಕ್ಕೆ ಯಾರವ್ರೆ?"

ಅಪ್ಪ ಹೊರಗೆ ಹೋಗಿ ನಿಂತ. ಅದೇ ಅವನ ಒಪ್ಪಿಗೆ. ಅಜ್ಜಿ ನನ್ನನ್ನು ಕರೆದು, ಆ ಮಗುವಿಗೆ ಏನು ಇಷ್ಟವಿತ್ತು ಪುಸ್ತಕದಲ್ಲಿ ನೋಡು ಎಂದಳು. ನಾನು ಪುಟ ತಿರುವಿದೆ. ಅಕ್ಕಂದಿರ ಆಸೆಗಳಿದ್ದವು, ನೇಕಾರನ ಬೀಡಿಯ ಚಟವಿತ್ತು, ಕಿರಿಯದರ ಇಷ್ಟ ಎಲ್ಲೂ ಇರಲಿಲ್ಲ. ಎಲ್ಲರೂ ಹಸಿದು ಕೂತಿದ್ದಾರೆ, ನಾನು ಅಳು ತಡೆದುಕೊಂಡು ಹುಡುಕುತ್ತಿದ್ದೇನೆ. "ಬರೆದಿಲ್ಲ ಅಜ್ಜಿ," ಅಂದೆ. ಅವಳು ಸೌಟು ಕೈಗೆತ್ತಿಕೊಂಡಳು. "ತಿಂದಿದ್ರಲ್ವಾ, ಇಷ್ಟ ಅನ್ನೋದು ಗೊತ್ತಾಗದು," ಎಂದು ಎಲ್ಲದರಲ್ಲೂ ಒಂದಿಷ್ಟು ತೆಗೆದು ಆ ಎಲೆಗೆ ಬಡಿಸಿದಳು. ಅಂದಿನಿಂದ ಪ್ರತಿವರ್ಷವೂ ಅಪ್ಪ ಗೊಣಗುವುದು, ಅವಳು ಬಡಿಸುವುದು ನಡೆಯಿತು.

ನಾನು ಡಿಗ್ರಿ ಓದುವಾಗ ಅಜ್ಜಿ ತೀರಿಕೊಂಡಳು. ಆ ವರ್ಷದ ಅಮಾವಾಸ್ಯೆಗೆ ಅವಳ ಎಲೆಯೂ ಬಿತ್ತು: ಮುದ್ದೆ, ಬಸ್ಸಾರು, ಎಲೆಅಡಿಕೆ. ಕುಡಿ ಎಲೆಯ ವಿಚಾರ ನಾನೂ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ. ಸಾಂಬ್ರಾಣಿಗೆ ಕೆಂಡ ತಯಾರಾಗಿದ್ದಾಗ ಅಪ್ಪ ಇದ್ದಕ್ಕಿದ್ದಂತೆ ಎದ್ದು ಸ್ಕೂಟರ್ ತೆಗೆದುಕೊಂಡು ಹೊರಟುಹೋದ. ಅನ್ನ ಆರಿತು, ಅಮ್ಮ ಗೊಣಗಿದಳು, ನಾನು ಗೇಟಿಗೂ ಒಳಗೂ ಓಡಾಡಿದೆ. ಅಪ್ಪ ಬಂದಾಗ ಕೈಯಲ್ಲಿ ವಿಶ್ವೇಶ್ವರಪುರದ ಬೇಕರಿಯ ಪೊಟ್ಟಣವಿತ್ತು, ಒಳಗೆ ಸಿಹಿ ಕೊಬ್ಬರಿ ತುಂಬಿದ ಬಿಸಿ ದಿಲ್‌ಪಸಂದ್. ಯಾರ ಮುಖವನ್ನೂ ನೋಡದೆ ಕುಡಿ ಎಲೆ ತೊಳೆದು ಅಜ್ಜಿಯ ಎಲೆಯ ಪಕ್ಕದಲ್ಲಿ ಹಾಕಿದ. "ಬರ್ದಿಲ್ಲ ಅಂದ್ರೆ ಏನಂತೆ? ಮಕ್ಕಳಲ್ವಾ, ಸಿಹಿ ಇಷ್ಟ ಆಗುತ್ತೆ," ಅಂದ. ಅವತ್ತು ಅತ್ತಷ್ಟು ನಾನು ಅಜ್ಜಿ ಸತ್ತ ದಿನವೂ ಅತ್ತಿರಲಿಲ್ಲ.

ಎರಡು ಸಾವಿರದ ದಶಕ ಮುಗಿಯುವ ಮೊದಲೇ ಆ ಮನೆ ಮಾರಿದೆವು, ಈಗ ಅಲ್ಲಿ ಅಂಗಡಿ ಸಾಲು. ಅಪ್ಪನ ಎಲೆಯೂ ಈಗ ಸಾಲಿನಲ್ಲಿದೆ, ಕುಡಿ ಎಲೆಗೆ ತಾಗಿಕೊಂಡು. ನಮ್ಮ ಫ್ಲ್ಯಾಟಿನಲ್ಲಿ ಕಾಯಲು ಜಗುಲಿಯಿಲ್ಲ, ಬಾಗಿಲು ಎಳೆದುಕೊಂಡು ಲಿಫ್ಟಿನ ಮುಂದೆ ನಿಲ್ಲುತ್ತೇನೆ. ನಿಲ್ಲಲಾಗುವುದಿಲ್ಲ, ಆ ತುದಿಯಿಂದ ಈ ತುದಿಗೆ ನಡೆಯುತ್ತೇನೆ. ಒಳಗಿನಿಂದ ಸದ್ದೇನೂ ಬರುವುದಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಬಾಗಿಲಿಗೆ ಕಿವಿಯಿಟ್ಟು ಮೆಲ್ಲಗೆ ಕೇಳುತ್ತೇನೆ: "ಇವತ್ತಾದ್ರೂ ಉಂಡ್ರಾ?"