ದೂಧಸಾಗರದ ಗಂಗವ್ವನಿಗೆ ಉಡಿ

ಆಗ ನನಗೆ ಅರವತ್ತೇಳು ವಯಸ್ಸು. ನಾಲ್ಕು ವರ್ಷದ ಹಿಂದಿನ ಮಾತು. ಮಳೆಗಾಲದಲ್ಲಿ ನಾನು ಮತ್ತು ನನ್ನ ತಂಗಿ ಶಾಂತವ್ವ ಬಾಗಲಕೋಟೆಯಲ್ಲಿ ರೈಲು ಹತ್ತಿ, ಗೋವಾ ಘಟ್ಟದ ದೂಧಸಾಗರ ಜಲಪಾತಕ್ಕೆ ಹೋಗಿಬಂದೆವು. ನೋಡಲಿಕ್ಕೆ ಹೋದೆವು ಅಂದರೆ ಸುಳ್ಳಾಗುತ್ತದೆ. ಹರಕೆ ತೀರಿಸಲು ಹೋದೆವು. ನೋಡಿದ್ದು ಪುಕ್ಕಟೆ ಸಿಕ್ಕಿತು.

ಹರಕೆ ಶಾಂತವ್ವನದು. ಅವಳ ಮಗಳು ರೇಣುಕಾಳ ಹೆರಿಗೆ ಕಷ್ಟವಾಯಿತು. ಕೂಸು ಬಂತು, ತಾಯಿಯ ರಕ್ತ ನಿಲ್ಲಲಿಲ್ಲ. ದವಾಖಾನೆಯ ಗೋಡೆಗೆ ಒಂದು ಕ್ಯಾಲೆಂಡರ್ ಇತ್ತು. ಅದರಲ್ಲಿ ಗುಡ್ಡದಿಂದ ಹಾಲಿನ ಹಾಗೆ ನೀರು ಬೀಳುತ್ತಿತ್ತು, ನಡುವೆ ರೈಲು ಹೋಗುತ್ತಿತ್ತು. ಶಾಂತವ್ವ ಅದಕ್ಕೇ ಕೈಮುಗಿದು ನಿಂತಳು. "ತಾಯಿ ಗಂಗವ್ವ, ನೀ ಯಾವ ಊರಾಕಿಯರ ಇರು, ನನ್ನ ಮಗಳು ಎದ್ದು ಕುಂತ್ರ ಬಂದು ನಿನ್ನ ಉಡಿ ತುಂಬ್ತೇನಿ. ಅಲ್ಲೀತನಕ ರೊಟ್ಟಿ ಮುಟ್ಟಂಗಿಲ್ಲ" ಎಂದಳು. ನಮ್ಮ ಬೀರಪ್ಪನಿಗೆ ಬೇಡಿಕೊಂಡಿದ್ದರೆ ಊರಲ್ಲೇ ತೀರುತ್ತಿತ್ತು. ಇವಳು ವಿಳಾಸ ಗೊತ್ತಿಲ್ಲದ ದೇವರಿಗೆ ಬೇಡಿಕೊಂಡಳು.

ಮಗಳು ಎದ್ದು ಕುಳಿತಳು. ಆ ನೀರು ಎಲ್ಲಿಯದು ಎಂದು ದವಾಖಾನೆಯ ನರ್ಸಮ್ಮ ಹೇಳಿದಳು. ಆದರೆ ಬಾಣಂತನ ಬಿಟ್ಟು ಹೊರಡಲು ಆಗಲಿಲ್ಲ. ಮೂರು ತಿಂಗಳು ಶಾಂತವ್ವ ಅನ್ನ, ಉಪ್ಪಿಟ್ಟು ತಿಂದಳು. ಅವಳಿಗೆ ಸಕ್ಕರೆ ಕಾಯಿಲೆ. ಅನ್ನ ಉಂಡು ಅದು ಏರಿತು, ಕಾಲು ಜೋಮು ಹಿಡಿಯಿತು. ಡಾಕ್ಟರು ಬೈದರು, ನಾನೂ ಬೈದೆ. "ಮಾತು ಕೊಟ್ಟೇನಿ ಯಕ್ಕಾ" ಎಂದಳು. ಇನ್ನು ತಡ ಮಾಡಿದರೆ ಮಗಳ ಜಾಗದಲ್ಲಿ ಇವಳನ್ನು ಮಲಗಿಸಬೇಕಾಗುತ್ತದೆ ಎಂದು ನಾನು ಇಳಕಲ್ಲಿನಿಂದ ಹೊರಟೆ, ಕಮತಗಿಯಲ್ಲಿ ಅವಳನ್ನು ಬಸ್ಸಿಗೆ ಹತ್ತಿಸಿಕೊಂಡೆ.

ರೇಣುಕಾಳ ಗಂಡ ಮಂಜುನಾಥ ಬಾಗಲಕೋಟೆ ಕಚೇರಿಯಲ್ಲಿ ಕಾರಕೂನ. ಒಳ್ಳೆಯ ಹುಡುಗ. ಹುಬ್ಬಳ್ಳಿಯಿಂದ ಮುಂದಕ್ಕೆ ನಮ್ಮಿಬ್ಬರಿಗೂ ಏಸಿ ಡಬ್ಬಿಯ ಟಿಕೆಟ್ ತೆಗೆಸಿದ್ದ. "ಅತ್ತಿ, ನೀವು ಆರಾಮ ಹೋಗಿ ಬರ್ರಿ" ಎಂದು ಸ್ಟೇಶನ್ನಿನಲ್ಲಿ ಕೈಗಿಟ್ಟ. ಜನರಲ್ ಡಬ್ಬಿಯ ಹತ್ತರಷ್ಟು ರೊಕ್ಕ ಎಂದು ನನಗೆ ಆಮೇಲೆ ಗೊತ್ತಾಯಿತು.

ಹುಬ್ಬಳ್ಳಿಯವರೆಗೆ ಜನರಲ್ಲಿನಲ್ಲೇ ಹೋದೆವು. ಬದಾಮಿ ಬಂದಾಗ ಕೆಂಪು ಗುಡ್ಡ ಮಳೆಗೆ ತೊಯ್ದು ಈಗ ತಾನೆ ಸಾರಿಸಿದ ಗೋಡೆಯ ಹಾಗೆ ಕಂಡಿತು. ಮಹಾಕೂಟಕ್ಕೆ ಹೊರಟ ಹೆಂಗಸರು ಅಲ್ಲಿ ಇಳಿದರು. ಹೊಳೆಆಲೂರಿನ ಹತ್ತಿರ ಮಲಪ್ರಭೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಶಾಂತವ್ವ ಕಿಟಕಿಯಿಂದ ಒಂದು ರೂಪಾಯಿ ಒಗೆದು ಕೈಮುಗಿದಳು. ಗದಗಿನಲ್ಲಿ ಬಿಸಿ ಮಿರ್ಚಿ ತಿಂದೆವು. ಆ ಸಂಜೆ ಹುಬ್ಬಳ್ಳಿ ಸ್ಟೇಶನ್ನಿನ ಎದುರಿನ ಲಾಡ್ಜಿನಲ್ಲಿ ಉಳಿದೆವು. ತಗಣಿ ಇರಲಿಲ್ಲ, ಅದಕ್ಕಿಂತ ಹೆಚ್ಚು ಹೊಗಳಲಾರೆ.

ಬೆಳಗಿನ ಗಾಡಿ. ಏಸಿ ಡಬ್ಬಿಯಲ್ಲಿ ಹಾಸಲು ಕೊಟ್ಟರು, ಹೊದೆಯಲು ಕೊಟ್ಟರು. ಧಾರವಾಡ ದಾಟಿದ ಮೇಲೆ ಕಾಡು ಶುರುವಾಯಿತು. ಶಾಂತವ್ವ ಕಿಟಕಿಯ ಸುತ್ತ ಬೆರಳಾಡಿಸಿ ಚಿಲಕ ಹುಡುಕಿದಳು. ಎದುರಿಗೆ ಕೂತಿದ್ದ ಗೃಹಸ್ಥ ನಕ್ಕ.

"ಅಜ್ಜಿ, ಇದು ತಗಿಯಾಕ ಬರಂಗಿಲ್ರಿ. ಗಾಜು ಗಟ್ಟಿ ಕುಂದರ್ಸಿರ್ತಾರ."

"ತಗಿಯಾಕ ಬರಲಾರದ್ದಕ್ಕ ಕಿಡಕಿ ಅಂತಾರೇನ್ರಿ?"

"ನೋಡಾಕ ರೀ."

"ನಾ ನೋಡಾಕ ಬಂದಿಲ್ಲಪಾ" ಎಂದಳು. ಮುಖ ಸಣ್ಣದಾಯಿತು. ಅವಳ ಮಡಿಲಲ್ಲಿ ಉಡಿಯ ಗಂಟು ಇತ್ತು: ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಷಿಣ ಬೇರು, ಕುಪ್ಪಸಕ್ಕೆ ಗುಳೇದಗುಡ್ಡದ ಒಂದು ಖಣ. ನೀರಿಗೆ ಮುಟ್ಟಿಸುವುದು ಹೇಗೆ?

ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ ಘಟ್ಟ ಇಳಿಯಲು ಗಾಡಿಗೆ ಹೆಚ್ಚಿನ ಎಂಜಿನ್ ಜೋಡಿಸುತ್ತಾರೆ, ಬಹಳ ಹೊತ್ತು ನಿಲ್ಲುತ್ತದೆ. ನಾನು ಅವಳನ್ನು ಎಬ್ಬಿಸಿಕೊಂಡು ಕೆಳಗಿಳಿದು ಜನರಲ್ ಡಬ್ಬಿಯ ಕಡೆ ನಡೆದೆ. ಟಿಕೆಟ್ ನೋಡುವವನು ಓಡಿ ಬಂದ.

"ಅವ್ವಾರ, ಎಲ್ಲಿ ಹೊಂಟ್ರಿ? ಆ ಡಬ್ಬಿಯೊಳಗ ಕಾಲಿಡಾಕ ಜಾಗ ಇಲ್ಲ."

"ಗಾಳಿ ಐತಿಲ್ಲ?" ಎಂದೆ.

ಜನರಲ್ ಡಬ್ಬಿಯಲ್ಲಿ ಮೀನಿನ ಖಾಲಿ ಬುಟ್ಟಿಗಳು, ಒದ್ದೆ ಛತ್ರಿಗಳು, ಮನುಷ್ಯರ ಮೇಲೆ ಮನುಷ್ಯರು. ಆದರೂ ಒಬ್ಬ ಹೆಣ್ಣುಮಗಳು ಕಾಲು ಮಡಚಿ ಕಿಟಕಿಯ ಬದಿ ಬಿಟ್ಟುಕೊಟ್ಟಳು. ಯಾವ ಊರೋ, ಹೆಸರೂ ಕೇಳಲಿಲ್ಲ. ಅವಳ ಹೊಟ್ಟೆ ತಣ್ಣಗಿರಲಿ.

ಸುರಂಗ ಬಂತು, ಎಲ್ಲರೂ ಕೂಗಿದರು. ಮತ್ತೆ ಸುರಂಗ, ಮತ್ತೆ ಕೂಗು. ಬಾಗಿಲ ಹತ್ತಿರ ನಿಂತಿದ್ದವನೊಬ್ಬ ಶಾಂತವ್ವನ ಗಂಟು ನೋಡಿ, "ಕಾಯಿ ಒಗೀಬ್ಯಾಡ್ರಿ ಮತ್ತ. ಲೈನಿನ ಮ್ಯಾಲೆ ಮಂದಿ ಕೆಲಸ ಮಾಡ್ತಿರ್ತಾರ, ತಲಿ ಒಡೀತೈತಿ" ಎಂದ. ಅವನು ಹೇಳಿದ್ದು ಖರೆ.

"ಕಾಯಿ ಇಲ್ಲದ್ದು ಉಡಿ ಹೆಂಗಾದೀತು ಯಕ್ಕಾ?" ಎಂದಳು ಶಾಂತವ್ವ.

ಆಗಲೇ ನೀರು ಕಂಡಿತು. ಬಲು ಎತ್ತರ. ನೋಡುವವರ ಕುತ್ತಿಗೆ ಹಿಂದಕ್ಕೆ ಬೀಳುತ್ತದೆ. ಹಂತ ಹಂತವಾಗಿ ಇಳಿದು, ಸೇತುವೆಯ ಕೆಳಗೆ ನುಗ್ಗಿ, ಆಚೆ ಕಣಿವೆಗೆ ಬೀಳುತ್ತದೆ. ತುಂತುರು ಡಬ್ಬಿಯೊಳಗೆ ಬಂದು ಎಲ್ಲರ ಮುಖ ತೊಳೆಯಿತು. ಕ್ಯಾಲೆಂಡರಿನವರು ಕಡಿಮೆ ತೋರಿಸಿದ್ದಾರೆ.

ಸೇತುವೆ ದಾಟಿ ಸಿಗ್ನಲ್ಲಿಗೆ ಗಾಡಿ ನಿಂತಿತು. ಲೈನಿನ ಕೆಲಸದವರು ಕೇಸರಿ ಜಾಕೀಟು ಹಾಕಿಕೊಂಡು, ಗಾಡಿಗೆ ದಾರಿ ಬಿಟ್ಟು ಬದಿಗೆ ನಿಂತಿದ್ದರು. ಅವರಲ್ಲಿ ಒಬ್ಬಳು ಹೆಂಗಸು, ಕೈಯಲ್ಲಿ ಸುತ್ತಿಗೆ. ನಮ್ಮಲ್ಲಿ ದೇವಿಗೆ ಉಡಿ ಮುಟ್ಟಿಸಲು ಆಗದಿದ್ದರೆ ಮನೆಗೆ ಬಂದ ಹೆಣ್ಣುಮಗಳ ಸೆರಗಿಗೆ ಹಾಕುತ್ತಾರೆ. ನಾನು ಶಾಂತವ್ವನನ್ನು ಬಾಗಿಲಿಗೆ ಎಳೆದುಕೊಂಡು ಹೋದೆ.

"ಏ ತಂಗಿ, ಇತ್ತಾಗ ಬಾ. ಈ ಗಂಗವ್ವಗ ಉಡಿ ತುಂಬೂದೈತಿ. ಆಕಿ ಬದಲಿ ನೀ ಸೆರಗು ಹಿಡಿ."

ಅವಳು ನಗುತ್ತಾ ಹತ್ತಿರ ಬಂದಳು. ಶಾಂತವ್ವ ಬಾಗಿಲಲ್ಲಿ ಕೂತು ಗಂಟು ಬಿಚ್ಚಿದ್ದನ್ನು ನೋಡಿ ನಗು ನಿಲ್ಲಿಸಿದಳು.

"ನನಗ ಹಾಕಬ್ಯಾಡ್ರಿ ಅವ್ವಾ. ನಮ್ಮನಿಯವರು ಜಡ್ಡಾಗಿ ತೀರಿಕೊಂಡಾರ. ಅವರ ನೌಕರಿನ ನನಗ ಕೊಟ್ಟಾರ."

ಶಾಂತವ್ವನ ಕೈ ಅಕ್ಕಿಯಲ್ಲೇ ನಿಂತಿತು. ಗಂಡ ಇಲ್ಲದವಳಿಗೆ ಉಡಿ ತುಂಬುವುದಿಲ್ಲ. ನನ್ನ ಗಂಡ ಹೋಗಿ ಆಗ ಹನ್ನೆರಡು ವರ್ಷ. ಅಷ್ಟೂ ವರ್ಷ ಯಾರೂ ನನ್ನ ಸೆರಗಿಗೆ ಒಂದು ಕಾಳು ಹಾಕಿರಲಿಲ್ಲ, ಇದೇ ತಂಗಿಯೂ ಹಾಕಿರಲಿಲ್ಲ. ಕೆಟ್ಟವಳಲ್ಲ, ಪದ್ಧತಿ ಹಾಗೆ. ನಾನೂ ಕೇಳಿರಲಿಲ್ಲ. ಅವತ್ತು ಮಾತ್ರ ನನಗೆ ಸಿಟ್ಟು ಬಂತು.

"ಶಾಂತಿ, ಆ ನೀರಿಗೆ ಗಂಡ ಅದಾನೋ ಇಲ್ಲೋ ಅಂತ ಕೇಳಿ ಹರಕಿ ಹೊತ್ತಿದ್ದೇನ?"

"ಯಕ್ಕಾ, ಕೂಸಿನ ತಾಯಿ ವಿಚಾರ ಐತಿ. ಏನರ ತಪ್ಪಾದ್ರ?"

"ಮಳಿ ಚಳಿ ಅನ್ನದಂಗ ಗಂಗವ್ವನ ಬಾಗಲಾ ಕಾಯಾಕಿ ಈಕಿ. ನಿನ್ನ ಮಗಳಿಗೆ ಗಂಗವ್ವ ಕೆಟ್ಟದ್ದು ಮಾಡೂದಾದ್ರ ಅವತ್ತ ಮಾಡ್ತಿದ್ಲು. ತುಂಬು. ಗಾಡಿ ಬಿಡ್ತೈತಿ."

ಶಾಂತವ್ವ ಒಂದು ಸಲ ನೀರನ್ನು ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. ಆಮೇಲೆ, "ಹಿಡಿಯವ್ವ" ಎಂದಳು.

ಆ ಹೆಂಗಸು ಸುತ್ತಿಗೆ ಕೆಳಗಿಟ್ಟು, ಜಾಕೀಟಿನ ಗುಂಡಿ ಬಿಚ್ಚಿ ಸೆರಗು ಹೊರತೆಗೆದು ಮೇಲಕ್ಕೆ ಚಾಚಿದಳು. ಶಾಂತವ್ವ ಬಗ್ಗಿ ಐದು ಸಲ ಅಕ್ಕಿ ಹಾಕಿದಳು, ಕಾಯಿ ಇಟ್ಟಳು, ಖಣ ಇಟ್ಟಳು. ಎಂಜಿನ್ ಕೂಗಿತು. ಆ ಹೆಂಗಸು ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ. "ಅಕ್ಕಿ ತೊಯ್ತಾವ್ರಿ" ಎಂದು ಸೆರಗು ಮಡಚಿ ಜಾಕೀಟಿನೊಳಗೆ ತುರುಕಿಕೊಂಡಳು. ಗಾಡಿ ಹೊರಟಾಗ ಹೊಟ್ಟೆ ಹಿಡಿದುಕೊಂಡೇ ನಮಗೆ ಕೈ ಬೀಸಿದಳು.

ಕುಳೆ ಸ್ಟೇಶನ್ನಿನಲ್ಲಿ ಇಳಿದೆವು. ಕಲ್ಲುಬೆಂಚಿನ ಮೇಲೆ ಕೂತು ನನ್ನ ಬುತ್ತಿ ಬಿಚ್ಚಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮುಂದಿಟ್ಟೆ.

"ಮುಟ್ಟೈತೇನ ಯಕ್ಕಾ, ಆಕಿಗೆ?"

"ಮುಟ್ಟಿಲ್ಲಾಂದ್ರ ಬಿಡು, ನಾ ಅಷ್ಟೂ ತಿಂತೇನಿ" ಎಂದೆ. ಅವಳು ನನ್ನ ಕೈಯಿಂದ ರೊಟ್ಟಿ ಕಸಿದುಕೊಂಡು ಕಟಕ್ಕೆಂದು ಮುರಿದಳು. ಎರಡು ತಿಂದಳು, ಮೂರನೆಯದನ್ನು ಮೊಸರಿಗೆ ಅದ್ದಿಕೊಂಡಳು. ನಾನು ಅವಳ ಬಾಯನ್ನೇ ನೋಡುತ್ತಾ ಕೂತೆ. ಆ ನೀರು ನೋಡಿದ್ದಕ್ಕಿಂತ ಅದು ನನಗೆ ಚೆಂದ ಕಂಡಿತು.

ಮಧ್ಯಾಹ್ನದ ಗಾಡಿಗೆ ಹಿಂದಿರುಗಿದೆವು. ಹೋಗುವವರಿಗೆ ನನ್ನ ಮಾತು ಇಷ್ಟು: ರೊಕ್ಕ ಕಡಿಮೆ ಇದ್ದವರು ಜನರಲ್ ಡಬ್ಬಿಯಲ್ಲಿ ಹೋಗಿ, ಬೇಕಾದಷ್ಟು ಇದ್ದವರು ಏಸಿಯಲ್ಲಿ ನಿದ್ದೆ ಮಾಡಿ ಕ್ಯಾಸಲ್‌ರಾಕಿನಲ್ಲಿ ಜನರಲ್ಲಿಗೆ ಬನ್ನಿ. ಮಳೆಗಾಲದಲ್ಲೇ ಹೋಗಿ. ಬೇಸಿಗೆಯಲ್ಲಿ ಬರೀ ಕಲ್ಲು ಕಾಣುತ್ತದಂತೆ. ಮಂಜುನಾಥನಿಗೆ ಡಬ್ಬಿ ಬದಲಿಸಿದ್ದು ಹೇಳಲಿಲ್ಲ. ಪ್ರೀತಿಯಿಂದ ಕೊಡಿಸಿದವನು, ಅವನ ಋಣ ದೊಡ್ಡದು.

ಶಾಂತವ್ವನನ್ನು ಕಮತಗಿಯಲ್ಲಿ ಇಳಿಸಿ ನಾನು ಇಳಕಲ್ಲಿಗೆ ಬಂದು ಮಲಗಿದೆ. ಮರುದಿನ ಬೆಳಗ್ಗೆ ಎದ್ದು ಮೊರದಲ್ಲಿ ಒಂದಿಷ್ಟು ಅಕ್ಕಿ, ಒಂದು ಕಾಯಿ, ಪೆಟ್ಟಿಗೆಯಲ್ಲಿದ್ದ ಹೊಸ ಖಣ ಇಟ್ಟುಕೊಂಡು ಪಕ್ಕದ ಮನೆಗೆ ಹೋದೆ. ಅಲ್ಲಿ ಸಾವಂತ್ರೆವ್ವ ಮಗ್ಗದ ಮುಂದೆ ಕೂತಿದ್ದಳು. ಅವಳ ಗಂಡ ತೀರಿ ಆಗ ವರ್ಷ ತುಂಬಿರಲಿಲ್ಲ. ಸೆರಗು ಹಿಡಿ ಎಂದೆ. ಯಾಕ ಎಂದಳು.

"ಹಿಡಿಯವ್ವ, ನನಗ ಮನ್ಯಾಗ ಕೆಲಸ ಅದಾವ" ಎಂದೆ.