ಮುಚ್ಚಳದಕ್ಕನ ಇನ್ನೊಂದು ಟ್ಯೂಬು

ಬೆಳಗಿನ ಆರು ಗಂಟೆ. ಮನೋರೋಗ ವಾರ್ಡಿನ ಕೊನೆಯ ಕೋಣೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಮಂಡಿಗಳನ್ನು ಹೊಟ್ಟೆಗೆ ಒತ್ತಿಕೊಂಡು ಮಗ್ಗುಲಾಗಿ ಮಲಗಿದ್ದಾರೆ. ಅವರನ್ನು ತಬ್ಬಿ ಹಿಡಿದಿರುವವರು ಆಯಾ. ಬೆನ್ನ ಹಿಂದೆ ಡಾಕ್ಟರಮ್ಮನ ಸೂಜಿ.

"ಅಲುಗಬೇಡಮ್ಮ. ಬೇಕಿದ್ರೆ ನನ್ನ ಕೈ ಚಿವುಟು," ಎನ್ನುತ್ತಾರೆ ಆಯಾ.

ತಿಳಿಯಾದ ದ್ರವ ಹನಿಹನಿಯಾಗಿ ಟ್ಯೂಬಿಗಿಳಿಯುತ್ತದೆ. ಮೆದುಳು, ಬೆನ್ನುಹುರಿಗಳನ್ನು ಸುತ್ತುವರಿದಿರುವ ದ್ರವವಿದು. ತೀವ್ರ ಖಿನ್ನತೆಗೆ ಕೊಡುವ ವಿದ್ಯುತ್ ಚಿಕಿತ್ಸೆಯಿಂದ ಇದರಲ್ಲಿ ಏನು ಬದಲಾಗುತ್ತದೆ, ಮೆದುಳಿಗೆ ಪೆಟ್ಟಾದ ಗುರುತೇನಾದರೂ ಸಿಗುತ್ತದೆಯೇ ಎಂದು ಇಲ್ಲಿನ ವೈದ್ಯರು ಹುಡುಕುತ್ತಿದ್ದಾರೆ. ಚಿಕಿತ್ಸೆಗೆ ಮುಂಚೆ ಒಂದು ಟ್ಯೂಬು, ಆರನೆಯ ಸಲದ ನಂತರ ಇನ್ನೊಂದು. ಹೋಲಿಸಿದರಷ್ಟೇ ಉತ್ತರ.

ನಾನು ಬರೆಯಲು ಬಂದಿರುವುದು ಈ ಆಯಾ ಬಗ್ಗೆ. ಇವರು ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ದಿನಕ್ಕೆ ಹನ್ನೆರಡು ಹಾಸಿಗೆ, ಇಪ್ಪತ್ತು ಸಲ ಮೆಟ್ಟಿಲು. ಹೆಸರು ಹೇಳಿದರೆ ಯಾರಿಗೂ ತಟ್ಟನೆ ಹೊಳೆಯದು. ಮುಚ್ಚಳದಕ್ಕ ಎಂದರೆ ಸಾಕು.

ಆ ಹೆಸರು ಅಂಟಿದ್ದು ಹೋದ ವರ್ಷ. ನಂಬರಿನ ಚೀಟಿಯನ್ನು ಇವರು ಟ್ಯೂಬಿಗೆ ಅಂಟಿಸುವ ಬದಲು ಮುಚ್ಚಳಕ್ಕೆ ಅಂಟಿಸಿದ್ದರು. ಪರೀಕ್ಷೆಗೆಂದು ಎರಡೂ ಮುಚ್ಚಳ ತೆಗೆದಿಟ್ಟ ಮೇಲೆ ಮುಂಚಿನದು ಯಾವುದು, ನಂತರದ್ದು ಯಾವುದು ತಿಳಿಯಲಿಲ್ಲ.

"ತೆಗೆದವಳೂ ನಾನೇ. ಹೇಗೋ ಮುಚ್ಚಿಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ಉತ್ತರ ತಲೆಕೆಳಗಾಗ್ತಿತ್ತಲ್ಲ? ಹೋಗಿ ಡಾಕ್ಟರಮ್ಮನಿಗೆ ಹೇಳಿದೆ," ಎನ್ನುತ್ತಾರೆ ಆಯಾ.

ಎರಡನ್ನೂ ಚೆಲ್ಲಬೇಕಾಯಿತು. ಅವು ಇದೇ ಹೊಲಿಗೆಯಮ್ಮನವು. ಎರಡು ಸೂಜಿಯ ನೋವು ವ್ಯರ್ಥ.

ಕಾಯಿಲೆ ಮರುಕಳಿಸಿ ಅವರೀಗ ಮತ್ತೆ ಬಂದಿದ್ದಾರೆ. ಮತ್ತೆ ದ್ರವ ಕೊಡಲು ಒಪ್ಪಿದ್ದಾರೆ, ಒಂದೇ ಷರತ್ತಿನ ಮೇಲೆ: "ಅವಳೇ ಹಿಡ್ಕೋಬೇಕು, ಅವಳೇ ಒಯ್ಯಬೇಕು. ತಪ್ಪು ಹೊಲಿಗೆ ಹಾಕಿದವಳೇ ಬಿಚ್ಚಿ ಹೊಲೀಲಿ."

ಆಯಾ ಚೀಟಿಯನ್ನು ಟ್ಯೂಬಿನ ಮೈಗೇ ಅಂಟಿಸುತ್ತಾರೆ. ನಂಬರನ್ನು ಹೊಲಿಗೆಯಮ್ಮನಿಗೆ ಓದಿ ಹೇಳುತ್ತಾರೆ. ಅವರು ತಿರುಗಿ ಹೇಳುವವರೆಗೆ ಕದಲುವುದಿಲ್ಲ. ಪ್ರಯೋಗಾಲಯ ಕೆಳಮಹಡಿಯಲ್ಲಿದೆ, ಲಿಫ್ಟ್ ಕೆಟ್ಟಿದೆ. ಮೆಟ್ಟಿಲು ಈಗಷ್ಟೇ ಒರೆಸಿ ಒದ್ದೆಯಾಗಿದೆ. ಟ್ಯೂಬಿಟ್ಟ ಮಂಜುಗಡ್ಡೆಯ ಡಬ್ಬಿಯನ್ನು ಎದೆಗವಚಿಕೊಂಡು ಆಯಾ ಪಕ್ಕಕ್ಕೆ ತಿರುಗಿ ಒಂದೊಂದೇ ಹೆಜ್ಜೆ ಇಳಿಯುತ್ತಾರೆ. ಹಿಂದೆ ಬರುತ್ತಿರುವ ನಾನು ಕಂಬಿ ಹಿಡಿದು ಇಳಿಯುತ್ತೇನೆ.

"ಮುಚ್ಚಳ ಭದ್ರವೇನಕ್ಕಾ?" ಪ್ರಯೋಗಾಲಯದವನು ಕೆಣಕುತ್ತಾನೆ.

"ಭದ್ರ. ನಿನ್ನ ಬಾಯಿಗೇ ಇನ್ನೂ ಒಂದು ಸಿಕ್ಕಿಲ್ಲ. ನಂಬರ್ ಓದು, ಜೋರಾಗಿ."

ಅವನು ಓದುತ್ತಾನೆ. ಆಯಾ ಅಂಗೈಯಲ್ಲಿ ಬರೆದುಕೊಂಡದ್ದನ್ನು ನೋಡಿ ತಲೆಯಾಡಿಸುತ್ತಾರೆ. ಮುಂಗೈಯಲ್ಲಿ ಚಿವುಟಿದ ಕೆಂಪು ಗುರುತು.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಆರನೇ ಸಲ ಆದ್ಮೇಲೆ ಇನ್ನೊಂದು ಟ್ಯೂಬು ಇದೆಯಲ್ಲ," ಎನ್ನುತ್ತಾರೆ. "ಅವತ್ತು ನನಗೆ ರಜಾ ಹಾಕ್ಬೇಡಿ ಅಂತ ಸಿಸ್ಟರ್‌ಗೆ ಹೇಳಿಟ್ಟಿದೀನಿ."